ಅಚ್ಚು ಬದಲಿಸುವ ಹೊತ್ತು

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ಮೂರು ದಶಕಗಳಲ್ಲಿ ಸೀಸದ ಸಂಚಾಯಕ ಕೋಶದ ಪಾಠವನ್ನು ಎಷ್ಟು ಬಾರಿ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಕರಿಹಲಗೆಯ ಮೇಲೆ ಒಂದು ಪಾತ್ರೆ, ಅದರೊಳಗೆ ಎರಡು ಫಲಕಗಳು, ಸುತ್ತಲೂ ಸಾರರಿಕ್ತ ಗಂಧಕಾಮ್ಲ. ಒಂದು ಫಲಕ ಸೀಸದ್ದು, ಇನ್ನೊಂದು ಸೀಸದ ಡೈ ಆಕ್ಸೈಡಿನದು. ಒಂದು ಕೋಶಕ್ಕೆ ಸುಮಾರು 2 ವೋಲ್ಟ್. ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 12 ವೋಲ್ಟ್. ಇದನ್ನು 1859ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ಗಾಸ್ತೋ ಪ್ಲಾಂತೆ. ಪರೀಕ್ಷೆಗೆ ಇಷ್ಟು ಬರೆದರೆ ಪೂರ್ಣ ಅಂಕ. ಆ ಆರು ಕೋಶಗಳನ್ನು ಒಂದು ಪೆಟ್ಟಿಗೆಯೊಳಗೆ ಕೂಡಿಸುವವರು ಯಾರು, ಹೇಗೆ ಕೂಡಿಸುತ್ತಾರೆ ಎಂಬುದು ಪಠ್ಯದಲ್ಲಿರಲಿಲ್ಲ. ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಆ ಪಾಠದ ಮುಂದುವರಿದ ಭಾಗವನ್ನು ನನಗೆ ಹೇಳಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಹಿಂದಿನ ಬೆಂಚಿನಲ್ಲಿ ಕುಳಿತು ಕೈವಾರದ ತಿರುಪು ಬಿಚ್ಚಿ ಮತ್ತೆ ಸೇರಿಸುತ್ತಿದ್ದ ಹುಡುಗ ಎಂದರೆ ಅವನ ಸಹಪಾಠಿಗಳಿಗೆ ನೆನಪಾದೀತು. ಹೆಸರು ಬರೆಯಬಾರದೆಂದು ಅವನ ಕೋರಿಕೆ. ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಜಿಟಿಟಿಸಿಯಲ್ಲಿ ಉಪಕರಣ ಮತ್ತು ಅಚ್ಚು ತಯಾರಿಕೆಯ ಡಿಪ್ಲೊಮಾ ಮಾಡಿದ. ಡೆನ್ಮಾರ್ಕ್ ಸರ್ಕಾರದ ಸಹಕಾರದೊಡನೆ 1972ರಲ್ಲಿ ಆರಂಭವಾದ ಆ ಸಂಸ್ಥೆ ನಮ್ಮ ನಾಡಿನ ಎಷ್ಟೋ ಬಡ ಮಕ್ಕಳ ಕೈಗೆ ಕಸುಬನ್ನು ಕೊಟ್ಟಿದೆ. ಈಗ ಅವನು ಪೀಣ್ಯದಲ್ಲಿ ಒಂದು ಸಣ್ಣ ಕಾರ್ಯಾಗಾರ ನಡೆಸುತ್ತಾನೆ. ಹನ್ನೆರಡು ಜನರಿಗೆ ಅನ್ನ ಕೊಡುತ್ತಾನೆ. ಬ್ಯಾಟರಿ ತಯಾರಿಸುವ ಯಂತ್ರಗಳಿಗೆ ಬೇಕಾದ ಅಚ್ಚು, ಹಿಡಿಕೆ, ಜಿಗ್‌ಗಳನ್ನು ಮಾಡಿಕೊಡುವುದು ಅವನ ಉದ್ಯೋಗ. ಬೇಗ ಕಳಚಿ ಬೇಗ ಕೂರಿಸಬಹುದಾದ ಉಪಕರಣಗಳಲ್ಲಿ ಅವನಿಗೆ ವಿಶೇಷ ಪರಿಶ್ರಮವಿದೆ. "ಸಾರ್, ನೀವು ಕಲಿಸಿದ ಬ್ಯಾಟರಿಯನ್ನು ಒಂದು ಸಲ ಕಣ್ಣಾರೆ ನೋಡಬೇಕು" ಎಂದು ಒತ್ತಾಯಿಸಿ, ತನ್ನ ಉಪಕರಣಗಳನ್ನು ಬಳಸುವ ಒಂದು ಕಾರ್ಖಾನೆಗೆ ಕರೆದೊಯ್ದ. ಅನುಮತಿ, ತಲೆಗೊಂದು ಹೆಲ್ಮೆಟ್, ಮೂಗಿಗೊಂದು ಮುಖಗವಸು ಎಲ್ಲವನ್ನೂ ಅವನೇ ಒದಗಿಸಿದ್ದ.

ಕಾರು, ಟ್ರ್ಯಾಕ್ಟರು, ಲಾರಿ, ಮನೆಯ ಇನ್ವರ್ಟರು, ಪ್ರತಿಯೊಂದಕ್ಕೂ ಬ್ಯಾಟರಿಯ ಅಳತೆ ಬೇರೆ. ಫಲಕಗಳ ಸಂಖ್ಯೆ ಬೇರೆ, ಪೆಟ್ಟಿಗೆಯ ಉದ್ದಗಲ ಬೇರೆ, ಧನಾಗ್ರ ಎಡಕ್ಕೋ ಬಲಕ್ಕೋ ಎಂಬುದೂ ಬೇರೆ. ಯಂತ್ರವಾದರೋ ಒಂದೇ. ಆದ್ದರಿಂದ ಒಂದು ಮಾದರಿಯಿಂದ ಇನ್ನೊಂದಕ್ಕೆ ಹೊರಳುವಾಗಲೆಲ್ಲ ಯಂತ್ರವನ್ನು ನಿಲ್ಲಿಸಿ ಅದರೊಳಗಿನ ಅಚ್ಚು, ಹಿಡಿಕೆಗಳನ್ನು ಬದಲಿಸಬೇಕು. ಕಾರ್ಖಾನೆಯವರು ಇದಕ್ಕೆ 'ಸೆಟ್ಟಿಂಗ್' ಎನ್ನುತ್ತಾರೆ, ಮಾಡುವವನು 'ಸೆಟ್ಟರ್'.

ಬದಲಾವಣೆಗೆ ಬಹಳ ಹೊತ್ತು ಹಿಡಿಯುವುದಾದರೆ, ಒಮ್ಮೆ ಕೂರಿಸಿದ ಅಚ್ಚಿನಲ್ಲೇ ಸಾವಿರಾರು ಬ್ಯಾಟರಿಗಳನ್ನು ಮಾಡಿ ಗೋದಾಮಿಗೆ ತುಂಬುವುದು ಲೇಸೆಂದು ಯಾರಿಗಾದರೂ ತೋರುತ್ತದೆ. ಬಟ್ಟೆ, ಬಕೆಟ್ಟುಗಳ ವಿಷಯದಲ್ಲಿ ಅದು ನಡೆದೀತು. ಆದರೆ ಆಮ್ಲ ತುಂಬಿ ವಿದ್ಯುದಾವೇಶ ಕೊಟ್ಟ ಬ್ಯಾಟರಿ ಸುಮ್ಮನೆ ಕುಳಿತರೂ ನಿಧಾನವಾಗಿ ತನ್ನಷ್ಟಕ್ಕೆ ತಾನು ಬರಿದಾಗುತ್ತಿರುತ್ತದೆ. ಹಾಗೆ ಬಹುಕಾಲ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂರುತ್ತದೆ. ಅನಂತರ ಎಷ್ಟು ಆವೇಶ ಕೊಟ್ಟರೂ ಹಿಂದಿನ ಸತ್ತ್ವ ಪೂರ್ತಿ ಮರಳುವುದಿಲ್ಲ. ಗೋದಾಮಿನಲ್ಲಿರುವುದಕ್ಕೂ ಆಗಾಗ ಆವೇಶ ಕೊಡುತ್ತಿರಬೇಕು. ಹೀಗಾಗಿ ಬೇಕಾದಷ್ಟನ್ನು ಬೇಕಾದಾಗ ಮಾಡುವುದು ಈ ಉದ್ಯಮಕ್ಕೆ ಬಹು ಮುಖ್ಯ. ಅದು ಸಾಧ್ಯವಾಗಬೇಕಾದರೆ ಅಚ್ಚು ಬದಲಿಸುವ ಹೊತ್ತು ಕಡಿಮೆಯಾಗಬೇಕು.

ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಫಲಕಗಳನ್ನು ಬೆಸೆಯುವ ಯಂತ್ರವನ್ನು. ಪ್ರತಿ ಫಲಕದ ಮೇಲ್ತುದಿಯಲ್ಲಿ ಕಿವಿಯಂತೆ ಚಾಚಿದ ಒಂದು ತುಣುಕು ಇರುತ್ತದೆ. ಅದನ್ನು ಅವರು ಲಗ್ ಎನ್ನುತ್ತಾರೆ. ಆರು ಕೋಶಗಳ ಫಲಕಗಳನ್ನೂ ನಡುನಡುವೆ ಬೇರ್ಪಡಿಸುವ ಹಾಳೆಗಳನ್ನೂ ಒಂದು ಜಿಗ್‌ನೊಳಗೆ ಬಿಗಿಹಿಡಿದು, ತಲೆಕೆಳಗು ಮಾಡಿ, ಕರಗಿದ ಸೀಸ ತುಂಬಿದ ಅಚ್ಚಿನ ಗುಳಿಗಳಿಗೆ ಆ ಲಗ್‌ಗಳನ್ನು ಇಳಿಸುತ್ತಾರೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎಂದು ಪಾಠ ಮಾಡುತ್ತಿದ್ದೆನಲ್ಲ, ಇಲ್ಲಿ ಅದು ಬೆಳ್ಳಿಯ ನೀರಿನಂತೆ ಹರಿಯುತ್ತಿತ್ತು. ಮರುಕ್ಷಣ ಅಚ್ಚಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿದು ಸೀಸ ಹೆಪ್ಪುಗಟ್ಟುತ್ತದೆ. ಮೇಲೆತ್ತಿದಾಗ ಪ್ರತಿ ಕೋಶದ ಧನ ಫಲಕಗಳೆಲ್ಲ ಒಂದು ಪಟ್ಟಿಗೆ, ಋಣ ಫಲಕಗಳೆಲ್ಲ ಇನ್ನೊಂದು ಪಟ್ಟಿಗೆ ಬೆಸೆದುಕೊಂಡಿರುತ್ತವೆ. ಅಚ್ಚು ಕೂದಲೆಳೆಯಷ್ಟು ಓರೆಯಾದರೂ ಕೇಡು ತಪ್ಪಿದ್ದಲ್ಲ. ಸೀಸ ಪಕ್ಕಕ್ಕೆ ಹರಿದು ಎರಡು ಪಟ್ಟಿಗಳು ಕೂಡಿಕೊಂಡರೆ ಹ್ರಸ್ವ ಮಂಡಲ. ಲಗ್ ಸರಿಯಾಗಿ ಮುಳುಗದಿದ್ದರೆ ಬೆಸುಗೆ ದುರ್ಬಲವಾಗಿ, ಮುಂದೆಂದೋ ಲಾರಿಯ ಕುಲುಕಾಟಕ್ಕೆ ಬಿಟ್ಟುಕೊಳ್ಳುತ್ತದೆ.

ಮೂರು ವರ್ಷಗಳ ಹಿಂದೆ ಈ ಅಚ್ಚನ್ನು ಬದಲಿಸುತ್ತಿದ್ದ ರೀತಿಯನ್ನು ನನ್ನ ವಿದ್ಯಾರ್ಥಿ ವಿವರಿಸಿದ. ಯಂತ್ರ ನಿಲ್ಲಿಸಿ, ಅಚ್ಚು ಆರುವ ತನಕ ಕಾಯಬೇಕು. ಎಂಟು ಬೋಲ್ಟುಗಳನ್ನು ಬಿಚ್ಚಬೇಕು. ಅವುಗಳಲ್ಲಿ ಎರಡು ಅಳತೆ, ಆದ್ದರಿಂದ ಎರಡು ಸ್ಪ್ಯಾನರು. ನೀರಿನ ಕೊಳವೆಗಳನ್ನೂ ಶಾಖ ಕೊಡುವ ತಂತಿಗಳನ್ನೂ ಒಂದೊಂದಾಗಿ ಕಳಚಬೇಕು. ಹೊಸ ಅಚ್ಚನ್ನು ಇಬ್ಬರು ಎತ್ತಿ ತಂದು ಕೂರಿಸಿ, ಅಡಿಗೆ ತೆಳು ತಗಡಿನ ಚೂರುಗಳನ್ನು ತುರುಕಿ ಮಟ್ಟ ನೋಡಬೇಕು. ತಣ್ಣಗಿನ ಅಚ್ಚು ಕಾಯುವ ತನಕ ಮತ್ತೆ ಕಾಯಬೇಕು. ಅನಂತರ ಹತ್ತಾರು ಜೋಡಣೆಗಳನ್ನು ಪರೀಕ್ಷೆಗೆಂದು ಮಾಡಿ, ಕೆಟ್ಟವನ್ನು ಪಕ್ಕಕ್ಕಿಟ್ಟು, ಮತ್ತೆ ತಗಡು ತುರುಕಬೇಕು. ಹೆಚ್ಚುಕಡಿಮೆ ಮೂರು ಗಂಟೆ. ಇದನ್ನು ಅಚ್ಚುಕಟ್ಟಾಗಿ ಮಾಡಬಲ್ಲವರು ಆ ಪಾಳಿಯಲ್ಲಿ ಒಬ್ಬರೇ ಇದ್ದರು. ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

ಈ ಕಾಯುವಿಕೆಯ ರೋಗಕ್ಕೆ ಮದ್ದು ಹುಡುಕಿದವರು ಜಪಾನಿನ ಶಿಗೆಯೋ ಶಿಂಗೋ. 1909ರಲ್ಲಿ ಹುಟ್ಟಿ 1990ರಲ್ಲಿ ತೀರಿಕೊಂಡ ಈ ಎಂಜಿನಿಯರು ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿರುವ ಒಂದು ಪ್ರಸಂಗ ನನಗೆ ಬಹಳ ಹಿಡಿಸಿತು. 1950ರಲ್ಲಿ ಅವರು ಹಿರೋಶಿಮಾದ ಮಜ್ದಾ ಕಾರ್ಖಾನೆಗೆ ಹೋಗಿದ್ದರು. ದೊಡ್ಡ ಒತ್ತುಯಂತ್ರಗಳು ಸಾಲುತ್ತಿಲ್ಲ, ಹೊಸದು ಕೊಳ್ಳಬೇಕೆಂಬುದು ಅಲ್ಲಿಯವರ ಅಭಿಪ್ರಾಯ. ಶಿಂಗೋ ಸುಮ್ಮನೆ ನಿಂತು ನೋಡಿದರು. 800 ಟನ್ ಯಂತ್ರದ ಅಚ್ಚು ಬದಲಿಸುವಾಗ ಒಂದು ಬೋಲ್ಟು ಕಾಣೆಯಾಗಿತ್ತು. ಕೆಲಸಗಾರ ಅದನ್ನು ಹುಡುಕಿಕೊಂಡು ಹೋದವನು ಒಂದು ಗಂಟೆಗೂ ಮೀರಿ ಬರಲಿಲ್ಲ. ಕೊನೆಗೆ ಬೇರೊಂದು ಅಚ್ಚಿನ ಉದ್ದದ ಬೋಲ್ಟನ್ನು ತಂದು, ಕತ್ತರಿಸಿ, ಮರೆ ಕೊರೆದು ಹಾಕಿದ. ಅಷ್ಟೂ ಹೊತ್ತು ಯಂತ್ರ ಬಾಯಿ ತೆರೆದು ನಿಂತಿತ್ತು. ಅಂದೇ ಶಿಂಗೋ ಅವರಿಗೆ ಒಂದು ವಿಂಗಡಣೆ ಹೊಳೆಯಿತು: ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಒಳಗಿನದು, ಯಂತ್ರ ನಡೆಯುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಹೊರಗಿನದು. ಬೋಲ್ಟು ಹುಡುಕುವುದು ಖಂಡಿತವಾಗಿ ಹೊರಗಿನದು.

1969ರಲ್ಲಿ ಟೊಯೋಟಾ ಕಾರ್ಖಾನೆಯಲ್ಲಿ 1000 ಟನ್ ಯಂತ್ರದ ಅಚ್ಚು ಬದಲಿಸಲು 4 ಗಂಟೆ ಹಿಡಿಯುತ್ತಿತ್ತು. ಆರು ತಿಂಗಳ ಪ್ರಯತ್ನದಿಂದ ಅದು 90 ನಿಮಿಷಕ್ಕೆ ಇಳಿಯಿತು. ಇದನ್ನು 3 ನಿಮಿಷಕ್ಕೆ ಇಳಿಸಿ ಎಂದು ಆಡಳಿತದಿಂದ ಅಪ್ಪಣೆ ಬಂದಾಗ ಶಿಂಗೋ ಅವರಿಗೇ ದಿಗ್ಭ್ರಮೆಯಾಯಿತಂತೆ. ಆಗ ಒಳಗಿನ ಕೆಲಸಗಳನ್ನೇ ಹೊರಗಿನ ಕೆಲಸಗಳಾಗಿ ಪರಿವರ್ತಿಸುವ ಯೋಚನೆ ಮೂಡಿತು. ಮೂರು ತಿಂಗಳಲ್ಲಿ ಆ ಗುರಿಯೂ ಕೈಗೂಡಿತು. ಬೋಲ್ಟಿನ ಬಗ್ಗೆ ಅವರು ಹೇಳುವ ಮಾತು ಯಾವ ಮನೆಯಲ್ಲಾದರೂ ಪರೀಕ್ಷಿಸಿ ನೋಡುವಂಥದು. ಹದಿನೈದು ಸುತ್ತಿನ ಬೋಲ್ಟಿನಲ್ಲಿ ಬಿಗಿ ಕೂರುವುದು ಕಡೆಯ ಸುತ್ತಿನಲ್ಲಿ. ಸಡಿಲವಾಗುವುದು ಮೊದಲ ಸುತ್ತಿನಲ್ಲಿ. ಮಿಕ್ಕ ಸುತ್ತುಗಳೆಲ್ಲ ಕೈಗೆ ದಣಿವು, ಅಷ್ಟೆ. ಒಂದೇ ತಿರುವಿನಲ್ಲಿ ಹಿಡಿಯುವ, ಬಿಡುವ ಹಿಡಿಕೆಗಳು ಬಂದದ್ದು ಈ ವಿಚಾರದಿಂದ.

ಇದನ್ನು ಕೇಳುತ್ತಿದ್ದಂತೆ ನನಗೆ ನಮ್ಮ ಶಾಲೆಯ ಪ್ರಯೋಗಾಲಯದ ಅಟೆಂಡರ್ ನೆನಪಾದರು. ನಲವತ್ತು ನಿಮಿಷದ ಅವಧಿಯಲ್ಲಿ ಅರವತ್ತು ಮಕ್ಕಳಿಗೆ ಪ್ರಯೋಗ ಮಾಡಿಸಿ ತೋರಿಸುವುದು ಸಾಧ್ಯವಾಗುತ್ತಿದ್ದುದು ಅವರಿಂದ. ಹಿಂದಿನ ಅವಧಿಯ ಪಾಠ ನಡೆಯುತ್ತಿರುವಾಗಲೇ ತಟ್ಟೆಗಳಲ್ಲಿ ತಾಮ್ರದ ಫಲಕ, ಸತುವಿನ ಸರಳು, ತಂತಿ, ಪುಟ್ಟ ಬಲ್ಬು, ಅಳೆದ ಆಮ್ಲ ಎಲ್ಲವನ್ನೂ ಜೋಡಿಸಿ, ಮೇಲೊಂದು ಬಟ್ಟೆ ಮುಚ್ಚಿ ಇಟ್ಟಿರುತ್ತಿದ್ದರು. ಗಂಟೆ ಬಾರಿಸಿದರೆ ಬಟ್ಟೆ ತೆಗೆಯುವುದಷ್ಟೇ ಉಳಿದ ಕೆಲಸ. ಶಿಂಗೋ ಅವರ ಹೆಸರನ್ನು ಅವರು ಕೇಳಿರಲಾರರು. ಶಾಲಾ ತಪಾಸಣೆಗೆ ಬಂದ ಅಧಿಕಾರಿಗಳು ಮೆಚ್ಚಿ ಬರೆದದ್ದು ಪಾಠ ಮಾಡಿದವರ ಹೆಸರನ್ನು. ತಟ್ಟೆ ಜೋಡಿಸಿದವರ ಹೆಸರನ್ನು ಯಾವ ವರದಿಯಲ್ಲೂ ನಾನು ಕಂಡಿಲ್ಲ.

ಇನ್ನು ಕಾರ್ಖಾನೆಗೆ ಮರಳೋಣ. ನಾನಿದ್ದ ದಿನ ಟ್ರ್ಯಾಕ್ಟರ್ ಬ್ಯಾಟರಿಯಿಂದ ಕಾರಿನ ಬ್ಯಾಟರಿಗೆ ಹೊರಳಬೇಕಿತ್ತು. ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಮುಂದಿನ ಅಚ್ಚು ಪಕ್ಕದ ಒಲೆಯಲ್ಲಿ ಕಾಯುತ್ತಿತ್ತು. ಯಂತ್ರದ ಮೇಜಿನಷ್ಟೇ ಎತ್ತರದ, ಉರುಳೆಗಳಿದ್ದ ಟ್ರಾಲಿ ಸಿದ್ಧವಿತ್ತು. ಯಂತ್ರ ನಿಂತೊಡನೆ ಇಬ್ಬರು ಎರಡು ಬದಿಗಳಲ್ಲಿ ನಿಂತರು. ನೀರಿನ ಕೊಳವೆಗಳು ಒಂದು ಎಳೆತಕ್ಕೆ ಕಳಚಿಕೊಂಡವು; ಒಳಗೇ ಕವಾಟಗಳಿರುವುದರಿಂದ ನೀರು ಚೆಲ್ಲಲಿಲ್ಲ. ಬಿಸಿ ಅಚ್ಚಿನ ಮೇಲೆ ನೀರು ಬೀಳದಿರುವುದು ಬಹು ಮುಖ್ಯ. ಕರಗಿದ ಸೀಸದೊಳಗೆ ನೀರು ಸಿಕ್ಕಿದರೆ ಅದು ಕ್ಷಣದಲ್ಲಿ ಆವಿಯಾಗಿ ಸೀಸವನ್ನು ಸಿಡಿಸುತ್ತದೆ. ತಂತಿಗಳೆಲ್ಲ ಒಂದೇ ಪ್ಲಗ್ಗಿನಲ್ಲಿದ್ದವು. ನಾಲ್ಕು ಸನ್ನೆಗಳನ್ನು ತಿರುವಿದರು, ಹಳೆಯ ಅಚ್ಚು ಟ್ರಾಲಿಗೆ ಜಾರಿತು, ಹೊಸದು ಎರಡು ಪಿನ್ನುಗಳ ಮೇಲೆ ಕುಳಿತಿತು. ಮೊದಲ ಒಳ್ಳೆಯ ಜೋಡಣೆ ಹೊರಬಂದಾಗ ನನ್ನ ಗಡಿಯಾರದಲ್ಲಿ ಹದಿನಾಲ್ಕು ನಿಮಿಷ ಕಳೆದಿತ್ತು. ಯಾರೂ ಓಡಲಿಲ್ಲ, ಯಾರೂ ಕೂಗಲಿಲ್ಲ.

ಆ ಎರಡು ಪಿನ್ನುಗಳ ಕಥೆಯನ್ನು ಹೇಳಲೇಬೇಕು. ಒಂದು ಪಿನ್ನು ದುಂಡಗಿದೆ. ಇನ್ನೊಂದರ ಎರಡು ಬದಿಗಳನ್ನು ಸವೆಸಿ ವಜ್ರದ ಆಕಾರ ಕೊಟ್ಟಿದ್ದಾರೆ. ನನ್ನ ವಿದ್ಯಾರ್ಥಿ ಮೊದಲು ಮಾಡಿಕೊಟ್ಟಾಗ ಎರಡೂ ದುಂಡಗಿದ್ದವು. ತಣ್ಣಗಿನ ಅಚ್ಚು ಅವುಗಳ ಮೇಲೆ ಲಕ್ಷಣವಾಗಿ ಕೂರುತ್ತಿತ್ತು. ಬಿಸಿ ಅಚ್ಚು ಕಚ್ಚಿಕೊಂಡು ನಿಲ್ಲುತ್ತಿತ್ತು. ಕಾದ ಲೋಹ ಹಿಗ್ಗುತ್ತದೆ, ರಂಧ್ರಗಳ ನಡುವಿನ ಅಂತರವೂ ಹಿಗ್ಗುತ್ತದೆ. ಎಂಟನೆಯ ತರಗತಿಯ ಮಕ್ಕಳೂ ಹೇಳುವ ಮಾತು. ಎಷ್ಟು ಹಿಗ್ಗುತ್ತದೆ, ಯಾವ ಕಡೆಗೆ ಬಿಡುವು ಕೊಟ್ಟರೆ ಜೋಡಣೆ ಕೆಡುವುದಿಲ್ಲ ಎಂಬುದನ್ನು ಕೈಯಿಂದ ಬಲ್ಲವರು ಆ ಪಾಳಿಯ ಹಿರಿಯ ಸೆಟ್ಟರ್. "ಉದ್ದಕ್ಕೆ ಬಿಡು ಅಪ್ಪಾ, ಅಡ್ಡಕ್ಕೆ ಬಿಡಬೇಡ" ಎಂದರಂತೆ. ವಜ್ರಾಕಾರದ ಪಿನ್ನು ಮಾಡುವುದೂ ಅದನ್ನೇ. ಎರಡು ಪಿನ್ನುಗಳನ್ನು ಕೂಡಿಸುವ ರೇಖೆಯ ಉದ್ದಕ್ಕೆ ಅಚ್ಚು ಹಿಗ್ಗಲು ಬಿಡುತ್ತದೆ, ಅಡ್ಡಕ್ಕೆ ಅಲುಗಲು ಬಿಡುವುದಿಲ್ಲ. ಲಗ್‌ಗಳು ಗುಳಿಗೆ ಇಳಿಯುವಾಗಿನ ಸದ್ದಿನಿಂದಲೇ ಅಚ್ಚು ಯಾವ ಮೂಲೆಯಲ್ಲಿ ತಗ್ಗಿದೆ ಎಂದು ಅವರು ಹೇಳುತ್ತಿದ್ದರಂತೆ. ಅವರು ಹೇಳಿದ ಮೂಲೆಗಳನ್ನೆಲ್ಲ ಅಳೆದು ಅಡಿಪಟ್ಟಿಯ ಮಟ್ಟವನ್ನು ಒಂದೇ ಬಾರಿಗೆ ನಿಶ್ಚಯಿಸಿದ್ದರಿಂದ ಈಗ ತಗಡಿನ ಚೂರುಗಳ ಅಗತ್ಯವಿಲ್ಲ. ಸದ್ದು ಕೇಳುವ ಅಗತ್ಯವೂ ಇಲ್ಲ.

ಊಟದ ವಿರಾಮದಲ್ಲಿ ಆ ಸೆಟ್ಟರ್ ನಮ್ಮೊಡನೆ ಚಹಾ ಕುಡಿಯಲು ಬಂದರು. ಬರುವ ಮೊದಲು ಕೈಯನ್ನು ಸೋಪು ಹಾಕಿ ಬಹಳ ಹೊತ್ತು ತೊಳೆದರು. ಸೀಸ ಹೊಟ್ಟೆಗೆ ಸೇರಿದರೆ ರಕ್ತಕ್ಕೂ ನರಕ್ಕೂ ಕೇಡು. ಇಪ್ಪತ್ತಾರು ವರ್ಷಗಳ ಸೇವೆ. ಮುಂಗೈ ಮೇಲೆ ಹಳೆಯ ಸುಟ್ಟ ಕಲೆಗಳು. ನನ್ನ ವಿದ್ಯಾರ್ಥಿ ಅವರನ್ನು "ಅಣ್ಣಾ" ಎನ್ನುತ್ತಾನೆ. ನಾನು ಮೇಷ್ಟ್ರೆಂದು ತಿಳಿದಮೇಲೆ ಅವರು ಒಂದು ಮಾತು ಕೇಳಿದರು: "ಮೇಷ್ಟ್ರೇ, ನನ್ನ ಕೈಲಿದ್ದದ್ದನ್ನೆಲ್ಲ ತೆಗೆದು ಆ ಪಿನ್ನಿನೊಳಗೆ ಇಟ್ಟುಬಿಟ್ಟರು. ಒಳ್ಳೇದೇ ಆಯ್ತು, ನಾನು ಬೇಡ ಅನ್ನೋದಿಲ್ಲ. ಆದರೆ ಈಗ ಎರಡು ತಿಂಗಳ ಹಿಂದೆ ಬಂದ ಹುಡುಗನೂ ಅಚ್ಚು ಕೂರಿಸ್ತಾನೆ. ನನ್ನ ಕೈಗೆ ಇನ್ನೇನು ಬೆಲೆ, ನೀವೇ ಹೇಳಿ."

ನಾನು ಕೂಡಲೇ ಏನನ್ನೂ ಹೇಳಲಿಲ್ಲ. ಅವರ ಮಾತಿನಲ್ಲಿ ಎರಡು ನಿಜಗಳಿದ್ದವು. ಅರೆಬಿಸಿ ಅಚ್ಚಿನ ಮೇಲೆ ಬಗ್ಗಿ, ಬೋಲ್ಟು ಬಿಚ್ಚುತ್ತ, ಗಂಟೆಗಟ್ಟಲೆ ಆ ಹವೆಯನ್ನು ಉಸಿರಾಡುವುದು ತಪ್ಪಿದೆ. ಬೆನ್ನಿಗೂ ಶ್ವಾಸಕೋಶಕ್ಕೂ ಅದು ಲಾಭ. ಹೊಸ ಹುಡುಗರ ಮುಂಗೈ ಮೇಲೆ ಆ ಕಲೆಗಳು ಮೂಡಲಾರವು. ಇದು ಒಂದು. ಸೆಟ್ಟಿಂಗಿಗಾಗಿ ಪಾಳಿ ಮುಗಿದ ಮೇಲೂ ನಿಲ್ಲುತ್ತಿದ್ದುದರಿಂದ ದೊರೆಯುತ್ತಿದ್ದ ಓವರ್‌ಟೈಮ್ ಹಣ ನಿಂತುಹೋಗಿದೆ. ಮಗಳ ಕಾಲೇಜಿನ ಶುಲ್ಕ ಹೊರಡುತ್ತಿದ್ದುದು ಅದರಿಂದ. ಇದು ಇನ್ನೊಂದು. ಉಳಿದ ಎರಡೂ ಮುಕ್ಕಾಲು ಗಂಟೆ ಯಾರ ಲೆಕ್ಕಕ್ಕೆ ಜಮೆಯಾಯಿತು ಎಂಬ ಪ್ರಶ್ನೆಗೆ ಕಾರ್ಖಾನೆಯ ಪುಸ್ತಕದಲ್ಲಿ ಉತ್ತರವಿದೆ. ಆ ಸಮಯವನ್ನು ಉಳಿಸಿಕೊಟ್ಟ ಅನುಭವದ ಒಡೆಯನ ಮನೆಯ ಪುಸ್ತಕದಲ್ಲಿ ಅದು ಖರ್ಚಿನ ಕಡೆಗೆ ಬಿದ್ದಿದೆ.

ಹಿಂದಿರುಗುವಾಗ ಕಾರಿನಲ್ಲಿ ಇದನ್ನೇ ನನ್ನ ವಿದ್ಯಾರ್ಥಿಯ ಮುಂದಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣನ ಹೆಸರಿಗೆ ಬಹುಮಾನ ಕೊಡಬೇಕೆಂದು ನಾನೇ ಬರೆದುಕೊಟ್ಟಿದ್ದೆ ಸಾರ್. ಪ್ರಶಸ್ತಿಪತ್ರ ಕೊಟ್ಟರು, ಹಣ ಕೊಡಲಿಲ್ಲ" ಎಂದ. ಅನಂತರ ತನ್ನ ಮುಂದಿನ ಕೆಲಸದ ಬಗ್ಗೆ ಹೇಳತೊಡಗಿದ. ಈಗ ಲಿಥಿಯಂ ಅಯಾನು ಬ್ಯಾಟರಿಯವರಿಂದಲೂ ಅವನಿಗೆ ಬೇಡಿಕೆ ಬರುತ್ತಿದೆ. 1991ರಲ್ಲಿ ಸೋನಿ ಸಂಸ್ಥೆ ಮೊದಲು ಮಾರುಕಟ್ಟೆಗೆ ತಂದ ಈ ಬ್ಯಾಟರಿಗೆ ಕಾರಣರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಅಲ್ಲಿ ಕರಗಿದ ಸೀಸವಿಲ್ಲ. ಕಾಗದದಂಥ ತಾಮ್ರದ, ಅಲ್ಯೂಮಿನಿಯಮ್ಮಿನ ಹಾಳೆಗಳನ್ನು ಅಚ್ಚುಗಳಿಂದ ಕತ್ತರಿಸಬೇಕು. ಅಚ್ಚಿನ ಅಂಚು ಮೊಂಡಾದರೆ ಕತ್ತರಿಸಿದ ಕಡೆ ಕಣ್ಣಿಗೆ ಕಾಣದ ಮುಳ್ಳು ಏಳುತ್ತದೆ. ಧನ, ಋಣ ಹಾಳೆಗಳ ನಡುವಿನ ಬೇರ್ಪಡಿಕೆ ಪದರ ನಮ್ಮ ತಲೆಗೂದಲಿಗಿಂತ ಎಷ್ಟೋ ತೆಳ್ಳಗಿರುವುದರಿಂದ ಆ ಮುಳ್ಳು ಅದನ್ನು ತೂರಿದರೆ ಬೆಂಕಿಯೇ ಹೊತ್ತಬಹುದು. ಆದ್ದರಿಂದ ಮೊಂಡಾಗುವ ಮೊದಲೇ ಅಚ್ಚು ಬದಲಿಸುತ್ತಿರಬೇಕು. ಜೋಡಣೆಯ ಕೆಲಸ ನಡೆಯುವ ಕೋಣೆಗಳಲ್ಲಿ ಗಾಳಿಯ ತೇವವನ್ನೆಲ್ಲ ಹೀರಿ ತೆಗೆದಿರುತ್ತಾರೆ. ಒಳಹೊಕ್ಕ ಮನುಷ್ಯನ ಉಸಿರು, ಬೆವರುಗಳೇ ಅಲ್ಲಿ ತೇವದ ಮೂಲ. ಸ್ಪ್ಯಾನರು ಹಿಡಿದು ಗಂಟೆಗಟ್ಟಲೆ ಬೆವರುವಂತಿಲ್ಲ; ಅಚ್ಚು ಹೊರಗೆ ಸಿದ್ಧವಾಗಿ ಬಂದು ಒಳಗೆ ಕೆಲವೇ ನಿಮಿಷಗಳಲ್ಲಿ ಕೂರಬೇಕು.

"ಅಲ್ಲಿಯೂ ಯಾರದೋ ಕೈಯ ಅನುಭವವನ್ನು ಪಿನ್ನಿನೊಳಗೆ ಇಡುತ್ತೀಯಲ್ಲವೇನಪ್ಪಾ?" ಎಂದೆ. "ಇಡಲೇಬೇಕು ಸಾರ್. ಹೊಸ ಕಾರ್ಖಾನೆ, ಅಲ್ಲಿ ಇನ್ನೂ ಅಂಥ ಕೈಯೇ ತಯಾರಾಗಿಲ್ಲ. ಅದಕ್ಕೇ ಭಯ" ಎಂದ.

ಆ ಉತ್ತರವನ್ನು ಕುರಿತು ನಾನು ಹಲವು ದಿನ ಯೋಚಿಸಿದೆ. ಸೆಟ್ಟರ್ ಕೇಳಿದ ಪ್ರಶ್ನೆಗೆ ಉತ್ತರದ ಒಂದು ಭಾಗವಾದರೂ ಅದರಲ್ಲಿದೆ ಎಂದು ನನಗೆ ತೋರುತ್ತದೆ. ಪಿನ್ನು ತನಗೆ ಹೇಳಿದ್ದನ್ನು ಮಾತ್ರ ಬಲ್ಲದು. ಅಚ್ಚು ಬೇರೆಯಾದರೆ, ಮಿಶ್ರಲೋಹ ಬದಲಾದರೆ, ಯಂತ್ರ ಸವೆದರೆ, ಮುಂದಿನ ಪಿನ್ನಿಗೆ ಯಾವ ಆಕಾರ ಕೊಡಬೇಕೆಂದು ಹೇಳಲು ಮತ್ತೆ ಒಂದು ಕೈ ಬೇಕು, ಸದ್ದು ಕೇಳಬಲ್ಲ ಒಂದು ಕಿವಿ ಬೇಕು. ಎರಡು ತಿಂಗಳ ಹಿಂದೆ ಬಂದ ಹುಡುಗ ಅಚ್ಚು ಕೂರಿಸುತ್ತಾನೆ, ನಿಜ. ಕೂರದಿದ್ದ ದಿನ ಅವನು ಯಾರ ಮುಖ ನೋಡುತ್ತಾನೆ? ಹೀಗೆಂದಮಾತ್ರಕ್ಕೆ ಮಗಳ ಶುಲ್ಕ ಹೊರಡುವುದಿಲ್ಲವೆಂಬುದನ್ನು ಬಲ್ಲೆ. ಉಳಿದ ಸಮಯದಲ್ಲಿ ಅದನ್ನು ಉಳಿಸಿಕೊಟ್ಟವರಿಗೆ ಪಾಲು ಸಲ್ಲಬೇಕು. ಹಾಗೆ ಸಲ್ಲದಿದ್ದಲ್ಲಿ ನಾಳೆ ಯಾವ ಅನುಭವಿಯೂ ತನ್ನ ಕೈಯ ಗುಟ್ಟನ್ನು ಬಾಯಿ ಬಿಟ್ಟು ಹೇಳಲಾರ. ಆಗ ಆ ಕಾರ್ಖಾನೆಯ ಪಿನ್ನುಗಳೆಲ್ಲ ದುಂಡಗೇ ಇರುತ್ತವೆ.

ಕಳೆದ ವಾರ ನನ್ನ ವಿದ್ಯಾರ್ಥಿ ದೂರವಾಣಿಯಲ್ಲಿ ಮಾತನಾಡಿದ. ಆ ಹಿರಿಯರಿಗೆ ನಿವೃತ್ತಿ ಇನ್ನೆರಡು ವರ್ಷಕ್ಕೆ. ರಜೆಯ ದಿನಗಳಲ್ಲಿ ಪೀಣ್ಯಕ್ಕೆ ಬಂದು ತನ್ನ ನಕ್ಷೆಗಳನ್ನು ನೋಡಿ ಹೇಳಬೇಕೆಂದೂ, ಅದಕ್ಕೆ ದಿನದ ಸಂಭಾವನೆ ಕೊಡುವೆನೆಂದೂ ಇವನು ಕೇಳಿದ್ದಾನೆ. ನಕ್ಷೆ ಓದಲು ಬರುವುದಿಲ್ಲವೆಂದು ಅವರು ಸಂಕೋಚಪಟ್ಟರಂತೆ. "ಓದುವುದು ಬೇಡ ಅಣ್ಣಾ, ಮರದಲ್ಲಿ ಮಾದರಿ ಮಾಡಿ ಮುಂದಿಡುತ್ತೇನೆ, ಕೈಯಲ್ಲಿ ಮುಟ್ಟಿ ಹೇಳಿ" ಎಂದಿದ್ದಾನೆ. ಅವರಿನ್ನೂ ಒಪ್ಪಿಲ್ಲ, ಮನೆಯಲ್ಲಿ ಕೇಳಿ ಹೇಳುತ್ತೇನೆಂದಿದ್ದಾರೆ.

ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ನನ್ನ ವಿದ್ಯಾರ್ಥಿಗಳು ನಿಮ್ಮಲ್ಲಿ ಹಲವರಿದ್ದೀರಿ. ಕೆಲವರು ಈಗ ಅಲ್ಲಿ ಅಧಿಕಾರದ ಸ್ಥಾನದಲ್ಲೂ ಇದ್ದೀರಿ. ನಿಮ್ಮಲ್ಲಿಯೂ ಇಂಥ ಕೈಗಳು ಇರಬಹುದು. ಅವರಿಗೆ ಏನು ಸಂದಿತು ಎಂಬುದನ್ನು ಬಿಡುವಿದ್ದಾಗ ನನಗೆ ಬರೆದು ತಿಳಿಸಿ.